ಹಾಕಿದ ಔಷಧಿ

ಹರ್ಷಿತಮ್ಮ ತಾಳೆಗರಿಯಿಂದ ಗುಂಡನ್ನು ಉಜ್ಜುತ್ತಿದ್ದಳು. ಅವಳ ನಾಯಿ ಕೆಂಚ ಕತ್ತು ಚಾಚಿ ಮಿಸುಕದೆ ಕೂತಿತ್ತು. ಅದರ ಕೊರಳಪಟ್ಟಿಯಲ್ಲಿದ್ದ ಗುಂಡು ಬುಗುರಿಗಿಂತ ಚಿಕ್ಕದು. ಬೊಂಬೆ ಮಾಡುವ ಆಲೆಮರದಲ್ಲಿ ಕಡೆದು ಅರಗು ಹಚ್ಚಿದ್ದು. ಕಡೆದವಳೂ ಅವಳೇ. ಪ್ಲಾಸ್ಟಿಕ್ಕಿಗೆ ತನ್ನದೇ ವಾಸನೆ ಇರುತ್ತದೆ, ಒಣಗಿದ ಮರಕ್ಕೆ ಇರುವುದಿಲ್ಲ ಎಂದು, ವಾಸನೆ ಹಿಡಿಯುವ ಈ ಗುಂಡಿಗಾಗಿ ವಿಜ್ಞಾನಿ ಇಂಚರಾ ಚನ್ನಪಟ್ಟಣವನ್ನೇ ಹುಡುಕಿಕೊಂಡು ಬಂದಿದ್ದಳು. ಗುಂಡಿನ ಸೂಜಿತೂತುಗಳಲ್ಲಿ ಧೂಳು ಕೂರಬಾರದು. ಉಜ್ಜಿದ ಮೇಲೆ ಒಳಗಿನ ಹಸಿರು ದೀಪ ಮಿನುಗಿತು. ಒಲೆಯ ಹತ್ತಿರ ಹೋದವಳು ಮತ್ತೆ ಬಂದು ನೋಡಿದಳು. ದಿನಕ್ಕೆ ಇಪ್ಪತ್ತು ಸಲ ಹೀಗೆಯೇ.

ಹೋದ ವರ್ಷ, ಅಂದರೆ ೨೦೬೦ರಲ್ಲಿ, ಅವಳ ಬೀದಿಯಲ್ಲಿ ನಾಲ್ಕು ನಾಯಿ ಸತ್ತಿದ್ದವು. ಕೊನೆಯದು ಕೆಂಚನ ತಾಯಿ. ಯಾರೋ ಇಡ್ಲಿಯೊಳಗೆ ಏನೋ ಇಟ್ಟಿದ್ದರು. ಹರ್ಷಿತಮ್ಮ ಗಾಬರಿಯಲ್ಲಿ ಉಪ್ಪುನೀರು ಹುಯ್ದಳು. ನೀರು ಶ್ವಾಸಕ್ಕೆ ಹೋಗಿ ಅದು ಅವಳ ತೊಡೆಯ ಮೇಲೆಯೇ ಕಣ್ಣು ಮುಚ್ಚಿತು. ಕೊಂದದ್ದು ಇಡ್ಲಿಯೋ ತನ್ನ ಕೈಯೋ ಎಂಬುದು ಅವಳಿಗೆ ಇನ್ನೂ ತಿಳಿದಿಲ್ಲ.

ಕೆಂಚ ಬೀದಿಗಿಳಿದು ಕಾಲು ಗಂಟೆಯೂ ಆಗಿರಲಿಲ್ಲ, ಗುಂಡು ಕೂಗಿಕೊಂಡಿತು. "ಅನುಮಾನವಿದೆ. ನಾಯಿ ಏನು ತಿಂದಿದೆ, ಹೇಳಿ."

ನಾಯಿಯ ಉಸಿರು ಗುಂಡಿನೊಳಗಿನ ತೆಳು ಪೊರೆಗೆ ತಾಗುತ್ತದೆ. ಒಂದೊಂದು ವಸ್ತುವಿಗೆ ಪೊರೆಯಲ್ಲಿ ಹರಿಯುವ ವಿದ್ಯುತ್ತು ಒಂದೊಂದು ರೀತಿ ಬದಲಾಗುತ್ತದೆ. ಆದರೆ ಮೊದಲ ಕೆಲವು ನಿಮಿಷ ವಾಸನೆ ತೀರಾ ಕಡಿಮೆ. ಆಗ ಗುಂಡು ಪಕ್ಕದಲ್ಲಿದ್ದವರನ್ನು ಕೇಳಿ, ಅವರ ಮಾತನ್ನೂ ತೂಗಿ ನೋಡುತ್ತದೆ.

ಕೆಂಚನ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಹಿಂಗಾಲು ನಡುಗುತ್ತಿತ್ತು. ಹರ್ಷಿತಮ್ಮ ಬೀದಿಗೆ ಧಾವಿಸಿ ಕೂಗಿದಳು. "ಔಷಧಿ ಹಾಕ್ಬುಟ್ಟವ್ರೆ ಕಣಪ್ಪೋ! ನಮ್ ಕೆಂಚಂಗೆ ಔಷಧಿ ಹಾಕ್ಬುಟ್ಟವ್ರೆ!"

"ಔಷಧಿ ಹಾಕಿದ್ದೀರಿ. ಒಳ್ಳೆಯದು. ಅರ್ಧ ಗಂಟೆ ಕಾಯಿರಿ," ಎಂದಿತು ಗುಂಡು. ದೀಪ ಹಸಿರಾಯಿತು.

ಎದುರುಮನೆಯ ಚೇತನ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಕ್ಕ. "ಅದ್ಕೆ ಬುದ್ಧಿ ಕೊಟ್ಟವ್ರೆ ಕಣಕ್ಕ, ಕನ್ನಡ ಕೊಟ್ಟಿಲ್ಲ. ಉಪ್ಪುನೀರು ಹುಯ್ಯಿ, ನಡಿ."

ಉಪ್ಪುನೀರು! ಹರ್ಷಿತಮ್ಮ ಜಗಲಿಯ ಚೊಂಬಿನವರೆಗೆ ಕೈ ಚಾಚಿ ಹಿಂದೆಗೆದುಕೊಂಡಳು.

ಹೊಸ ಗುಂಡುಗಳನ್ನು ನೋಡಲು ಬಂದು ಒಳಗೆ ಕೂತಿದ್ದ ಇಂಚರಾ ಓಡಿಬಂದಳು. "ಹರ್ಷಿತಮ್ಮ, ವಿಷ ಅನ್ನಿ! ವಿಷ ಅಂತ ಹೇಳಿ ಅದಕ್ಕೆ!"

"ಬೆಳಬೆಳಿಗ್ಗೆ ಆ ಮಾತ ಬಾಯಲ್ಲಿ ಹೆಂಗೆ ಅನ್ನದು ಡಾಕ್ಟ್ರಮ್ಮ? ನಾವ್ಯಾರೂ ಅನ್ನಕಿಲ್ಲ."

"ನಾಯಿ ಹೋಗುತ್ತೆ!"

ಹರ್ಷಿತಮ್ಮ ಕಣ್ಣು ಮುಚ್ಚಿಕೊಂಡಳು. "ವಿಷ," ಎಂದಳು. ಸಾಲದೆಂದು ಇನ್ನೊಮ್ಮೆ ಕೂಗಿದಳು. "ವಿಷ!"

ದೀಪ ಕೆಂಪಾಯಿತು. "ಬಾಯಿಗೆ ಏನೂ ಹುಯ್ಯಬೇಡಿ. ವಾಂತಿ ಮಾಡಿಸಬೇಡಿ. ಮಗ್ಗುಲಾಗಿ ಮಲಗಿಸಿ. ತಿಂದು ಉಳಿದದ್ದನ್ನು ಬರಿಗೈಯಲ್ಲಿ ಮುಟ್ಟದೆ ಕಟ್ಟಿಡಿ. ವಾಹನ ಹೊರಟಿದೆ." ಪಶುವೈದ್ಯರ ಬಂಡಿ ಬರುವಷ್ಟರಲ್ಲಿ ವಿಷದ ಹೆಸರು ಗುಂಡಿನಿಂದ ಅವರಿಗೆ ಮುಟ್ಟಿತ್ತು, ಸೂಜಿಮದ್ದು ಸಿದ್ಧವಿತ್ತು. ಸಂಜೆಗೆ ಕೆಂಚ ನೀರು ನೆಕ್ಕಿತು.

ಇಂಚರಾ ಜಗಲಿಯಲ್ಲಿ ಕೂತು ಬರೆದುಕೊಂಡಳು. "ವಿಷಕ್ಕೆ ಔಷಧಿ ಅಂತೀರಿ. ನಿಜವಾದ ಔಷಧಿಗೆ?"

"ಅದ್ಕೂ ಔಷಧಿನೇಯ."

"ಮತ್ತೆ ಗೊತ್ತಾಗೋದು ಹೇಗೆ?"

"ಕೊಟ್ರು ಅಂದ್ರೆ ಒಂದು. ಹಾಕುದ್ರು ಅಂದ್ರೆ ಇನ್ನೊಂದು."

ಇಂಚರಾ ಎರಡೂ ಮಾತನ್ನು ಬರೆದುಕೊಂಡಳು. ಆರು ವರ್ಷ ಅವಳು ಗುಂಡಿಗೆ ವಸ್ತುಗಳ ಹೆಸರು ಕಲಿಸಿದ್ದಳು. ಕೈಗಳು ಮಾಡುವ ಕೆಲಸದ ಹೆಸರು ಕಲಿಸಿರಲಿಲ್ಲ.

ತಿದ್ದಿದ ಗುಂಡು ಊರಿನ ನಾಯಿಗಳಿಗೆಲ್ಲ ಬಂತು. ಮುಂದಿನ ಆರು ತಿಂಗಳಲ್ಲಿ ಒಂದೂ ಸಾಯಲಿಲ್ಲ. ಆದರೆ ಹರ್ಷಿತಮ್ಮನ ಬೀದಿಯೊಂದರಲ್ಲೇ ಗುಂಡು ಹನ್ನೊಂದು ಸಲ ಕೂಗಿತು. ಅಷ್ಟು ಸಲ ಮೊದಲು ಯಾವ ವರ್ಷವೂ ಔಷಧಿ ಬಿದ್ದಿರಲಿಲ್ಲ. "ಹೆಂಗೂ ಗುಂಡು ಐತಲ್ಲ, ಹಾಕುದ್ರೂ ಸಾಯಕಿಲ್ಲ ಬುಡು. ಹೆದ್ರುಕೊಂಡು ಬೇರೆ ಬೀದಿಗೆ ಹೋಯ್ತವೆ," ಎಂದು ಅಂಗಡಿಯ ಮುಂದೆ ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಅವಳ ಅವ್ವನ ಕಾಲದಲ್ಲಿದ್ದ ಇಡ್ಲಿಯೇ ಈಗಲೂ, ಔಷಧಿಯ ಪೊಟ್ಟಣವೂ ಅದೇ. ಹೊಸದೆಂದರೆ ಗುಂಡೊಂದೇ.

ಹನ್ನೊಂದನೆಯ ಸಲ ಕೂಗಿದ್ದು ಕೆಂಚನ ಗುಂಡು. ಬಂಡಿ ಕೆಂಚನನ್ನು ಕೊಂಡೊಯ್ದ ಮೇಲೆ ಹರ್ಷಿತಮ್ಮ ಕಡೆಯುವ ಯಂತ್ರ ನಿಲ್ಲಿಸಿ ಬೀದಿಯ ನಡುವೆ ಬಂದು ನಿಂತಳು. ಕಿಟಕಿಗಳ ಹಿಂದೆ ಜನರಿದ್ದರು. ಚೇತನ ಬಾಗಿಲ ಬಳಿಯೇ ನಿಂತು ತನ್ನ ಕಾಲಬೆರಳು ನೋಡಿಕೊಳ್ಳುತ್ತಿದ್ದ.

"ಯಾರು ಹಾಕುದ್ರು ಅಂತ ನಾನು ಕೇಳಕಿಲ್ಲ," ಎಂದು ಹರ್ಷಿತಮ್ಮ ಕೂಗಿ ಹೇಳಿದಳು. "ಮನೇಲಿ ಉಳ್ದಿರೋ ವಿಷಾನ ತಂದು ನಮ್ ಜಗಲಿ ಮ್ಯಾಲೆ ಇಟ್ಬುಡಿ. ಅಷ್ಟೇಯ."