ಕರೆದವರ ನೆರಳು

ಕೋಳಿಗೆ ಕೊಂಬಿದ್ದ ಕಾಲದಲ್ಲಿ ತಾವರೆಕೋಟೆ ಎಂಬ ರಾಜ್ಯವೊಂದಿತ್ತು. ಅಲ್ಲಿನ ಅರಮನೆಯ ಬಾಗಿಲುಗಳಿಗೆ ಬೀಗವಿರಲಿಲ್ಲ. ಎದುರು ನಿಂತವರ ನೆರಳು ನೋಡಿ ಅವು ತಾವಾಗಿಯೇ ತೆರೆಯುತ್ತಿದ್ದವು.

ಆ ಅರಮನೆಯಲ್ಲಿ ಚಿಗುರಿ ಎಂಬ ಹುಡುಗಿ ಇದ್ದಳು. ಅವಳಿಗೆ ಹುಟ್ಟಿನಿಂದಲೇ ನೆರಳಿಲ್ಲ. ಯಾರು ಕೆಲಸಕ್ಕೆ ಕರೆದರೂ ಅವರ ನೆರಳು ಬಂದು ಅವಳ ಕಾಲಿಗೆ ಅಂಟಿಕೊಳ್ಳುತ್ತಿತ್ತು, ಕೆಲಸ ಮುಗಿದೊಡನೆ ಮರಳುತ್ತಿತ್ತು. ಅಡುಗೆಯ ಸಾತಜ್ಜಿ ಕರೆದರೆ ಉಗ್ರಾಣ ತೆರೆಯುತ್ತಿತ್ತು, ಮಾಲಿ ಕರೆದರೆ ಹೂದೋಟ. ರಾಣಿ ಪದುಮಲೆ ಕರೆದರೆ ಏಳು ಬಾಗಿಲೂ ತೆರೆಯುತ್ತಿದ್ದವು.

ಏಳನೆಯ ಬಾಗಿಲ ಒಳಗೊಂದು ಬಿಳಿ ಗುಬ್ಬಿ ಇತ್ತು. ರಾಣಿಯ ಎಳೆಗೂಸು ರಾಜಕುಮಾರಿಯ ಜೀವ ಅದರಲ್ಲಿತ್ತು. ಆ ಗುಟ್ಟು ರಾಣಿಯೊಬ್ಬಳಿಗೇ ಗೊತ್ತು.

ಕರಿಜಟೆ ಎಂಬ ಮಾಂತ್ರಿಕ ಅಂಜನ ಹಾಕಿ ಅದನ್ನು ತಿಳಿದುಕೊಂಡ. ಗುಬ್ಬಿ ಕೈಗೆ ಸಿಕ್ಕರೆ ರಾಜ್ಯವೇ ಕೈಗೆ ಸಿಕ್ಕಂತೆ ಎಂದು ರಾಣಿಗೆ ಮಾಯದ ಜ್ವರ ಬರಿಸಿದ. ಬರಿಸಿದ ಕೈಯೇ ಇಳಿಸಬೇಕಾದ ಜ್ವರ ಅದು. ಆಮೇಲೆ ಪಂಡಿತನ ವೇಷದಲ್ಲಿ ಅರಮನೆಗೆ ಬಂದ.

"ಮದ್ದಿಗೆ ಬಿಳಿ ಗುಬ್ಬಿ ಬೇಕು, ಚಿಗುರಿಯನ್ನು ಕಳಿಸಿ" ಎಂದು ಸಾತಜ್ಜಿಯಿಂದ ಕರೆಸಿದ. ಏಳನೆಯ ಬಾಗಿಲು ಅಲುಗಲಿಲ್ಲ. ಮಾಲಿಯಿಂದ ಕರೆಸಿದ. ಆಗಲೂ ಅಲುಗಲಿಲ್ಲ. ಕೊನೆಗೆ ರಾಣಿಯ ಹಾಸಿಗೆಯ ಬಳಿ ಕೂತು, "ತಾಯಿ, ನೀವೇ ಒಂದು ಮಾತು ಹೇಳಿ" ಎಂದ.

ರಾಣಿ ಕಣ್ಣು ತೆರೆಯಲಾರದೆ, "ಚಿಗುರೀ, ಪಂಡಿತರು ಹೇಳಿದ್ದು ತಂದುಕೊಡೇ" ಎಂದಳು.

ರಾಣಿಯ ನೆರಳು ಬಂತು. ಬಾಗಿಲು ತೆರೆಯಿತು. ಚಿಗುರಿ ಗುಬ್ಬಿಯನ್ನು ಅಂಗೈಯಲ್ಲಿ ಎತ್ತಿಕೊಂಡಳು. ಅದು ಬೆಚ್ಚಗಿತ್ತು. ಅದರ ಮೈಯಿಂದ ಹಸುಗೂಸಿನ ಹಾಲಿನ ವಾಸನೆ ಬಂತು. ಚಿಗುರಿ ಗುಬ್ಬಿಯನ್ನು ಎದೆಗವಚಿಕೊಂಡಳು. ಹೊಸ್ತಿಲಲ್ಲಿ ಕೈಚಾಚಿ ನಿಂತಿದ್ದ ಪಂಡಿತನನ್ನು ದಾಟಿ ರಾಣಿಯ ಬಳಿಗೆ ಓಡಿದಳು.

"ಅಮ್ಮಾ, ಈ ಗುಬ್ಬಿಯನ್ನು ತರಲು ಹೇಳಿದ್ದು ನೀವೇನಾ?"

"ಅಯ್ಯೋ ಮಗಳೇ, ಏನೋ ಬೇರು ಕೇಳುತ್ತಾರೆ ಅಂದುಕೊಂಡೆ! ಅದು ನನ್ನ ಕಂದನ ಉಸಿರು ಕಣೇ. ಯಾರಿಗೂ ಕೊಡಬೇಡ!"

ಅಷ್ಟರಲ್ಲಿ ಕರಿಜಟೆ ಬೆನ್ನಟ್ಟಿ ಬಂದಿದ್ದ. ಕೋಪದಲ್ಲಿ ಮೈಮರೆತು, "ಚಿಗುರೀ, ಬಾ ಇಲ್ಲಿ! ಗುಬ್ಬಿ ತಾ!" ಎಂದು ಗದರಿದ.

ಕರೆದದ್ದೇ ತಡ, ಅವನ ನೆರಳು ಸರಸರನೆ ಹರಿದು ಬಂದು ಚಿಗುರಿಯ ಕಾಲಿಗಂಟಿತು. ಅವನ ಮಂತ್ರಶಕ್ತಿಯೆಲ್ಲ ಅದರ ಜೊತೆಗೇ ಬಂತು. ಆ ನೆರಳು ಮಂಜಿನಂತೆ ಕೊರೆಯುತ್ತಿತ್ತು. ಚಿಗುರಿ ನಡುಗುತ್ತಲೇ ರಾಣಿಯ ಹಣೆ ಸವರಿದಳು. ಈಗ ಆ ಕೈ ಜ್ವರ ಬರಿಸಿದವನ ಕೈಯಾಗಿತ್ತು. ಜ್ವರ ಇಳಿದುಹೋಯಿತು.

ರಾಣಿ ಎದ್ದು ಕೂತು, "ಸಾಕು ಮಗಳೇ, ನನ್ನ ಹತ್ತಿರ ಬಾರೇ" ಎಂದು ಕರೆದಳು. ರಾಣಿಯ ನೆರಳು ಮತ್ತೆ ಬಂದಾಗ ಮಾಂತ್ರಿಕನದು ಕಳಚಿ ಬಿದ್ದು, ಕರೆದ ಕೆಲಸ ಮುಗಿಯದ್ದರಿಂದ ಮರಳಲಾರದೆ, ಬಿಸಿಲಿಗೆ ನೀರು ಆರಿದ ಹಾಗೆ ನೆಲದಲ್ಲೇ ಆರಿಹೋಯಿತು. ಬರಿಯ ಮುದುಕನಾಗಿ ಉಳಿದ ಅವನನ್ನು ಕಾವಲಿನವರು ಗಡಿ ದಾಟಿಸಿದರು. ಗುಬ್ಬಿ ಮತ್ತೆ ಏಳನೆಯ ಬಾಗಿಲ ಒಳಗೆ ಸೇರಿತು.

"ನೆರಳು ನನ್ನದು, ಮಾತು ಅವನದಾಯಿತು. ತಪ್ಪು ನನ್ನದೇ" ಎಂದು ರಾಣಿ ಚಿಗುರಿಯ ಕೆನ್ನೆ ಸವರಿದಳು. "ಇನ್ನು ಯಾರೇ ಕರೆಯಲಿ, ಏತಕ್ಕೆ ಅಂತ ಕೇಳು. ನಾನು ಕರೆದರೂ ಕೇಳು."

ಚಿಗುರಿ ಕೇಳುತ್ತಾ ಬಂದಳು, ಯಾರೂ ಮುನಿಯಲಿಲ್ಲ. ತಾವರೆಕೋಟೆಯ ಜನ ಹಾಲು ಜೇನಿನ ಹಾಗೆ ಕೂಡಿ ಬಾಳಿದರು. ರಾಜಕುಮಾರಿ ನಡಿಗೆ ಕಲಿತದ್ದು ಚಿಗುರಿಯ ಬೆರಳು ಹಿಡಿದು.