ಅರ್ಧ ಹುಬ್ಬಿನ ಮಾಡೆಲ್

"ಯಾರ್ರೀ ನಿಮ್ಮ ಹುಬ್ಬು ಮಾಡಿದ್ದು? ಎಡಗಡೇದು ಅರ್ಧಕ್ಕರ್ಧ ಹಾರಿಸಿಬಿಟ್ಟಿದ್ದಾರೆ! ಇನ್ಮೇಲೆ ಆ ಪಾರ್ಲರ್ ಕಡೆ ತಲೆ ಹಾಕ್ಬೇಡಿ."

ಅವಳ ಮಾತಿಗೆ ಬಾಯ್ಲರ್‌ನವನು ಕೈಯಲ್ಲಿದ್ದ ಸಲಿಕೆಯನ್ನು ಗೋಡೆಗೆ ಒರಗಿಸಿ ಎಡಹುಬ್ಬು ಸವರಿಕೊಂಡ.

"ಪಾರ್ಲರ್ ಅಲ್ಲ ರೀ, ಬೆಂಕಿ. ಕಲ್ಲಿದ್ದಲು ಹಾಕೋಕೆ ಬಾಗಿಲು ತೆಗೆದೆ, ಬುಸ್ ಅಂತ ಹೊರಗೆ ಬಂತು. ಪುಕ್ಕಟೆ ಕೆಲಸ."

ಅವಳು ನಾಲಿಗೆ ಕಚ್ಚಿಕೊಂಡಳು. ಆದರೆ ತಪ್ಪು ಪೂರ್ತಿ ಅವಳದಲ್ಲ. ಬ್ಯೂಟಿ ಸ್ಕೂಲಿಗೆ ಸೇರಿದ ಯಾರನ್ನೇ ಕೇಳಿ ನೋಡಿ, ಆರು ತಿಂಗಳಾಗುವಷ್ಟರಲ್ಲಿ ಅವರ ಕಣ್ಣು ಕೆಟ್ಟುಹೋಗಿರುತ್ತದೆ. ಬಸ್ಸಿನಲ್ಲಿ ಎದುರು ಕೂತವರ ಮುಖ ಮುಖವಾಗಿ ಕಾಣುವುದಿಲ್ಲ. ಒಣ ಚರ್ಮ, ಎಣ್ಣೆ ಚರ್ಮ, ಹುಬ್ಬಿನ ತಿರುವು ಅಂತ ಪಾಠವಾಗಿ ಕಾಣುತ್ತದೆ. ಬೈದು ನಿಂತವನ ಮುಖದಲ್ಲೂ ಅವಳಿಗೆ ಮೊದಲು ಕಂಡದ್ದು ಹುಬ್ಬೇ.

ಬೈದದ್ದಂತೂ ನಿಜ. ಅರ್ಧ ನಿಮಿಷದ ಹಿಂದಷ್ಟೇ "ಏಯ್, ಕೈ ತೆಗೀರಿ!" ಅಂತ ಅವನು ಕೂಗಿದ್ದಕ್ಕೆ ಅವಳು ಕೈ ಹಿಂದಕ್ಕೆಳೆದುಕೊಂಡಿದ್ದಳು. ಬಿಳಿ ಬಟ್ಟೆ ಸುತ್ತಿದ ಪೈಪಿನ ನಡುವೆ ಏನೂ ಸುತ್ತದೆ ಬಿಟ್ಟಿದ್ದ ಒಂದು ವಾಲ್ವನ್ನು ಅವಳು ಮುಟ್ಟಲು ಹೊರಟಿದ್ದಳು.

"ಅದನ್ನ ಮುಟ್ಟಿದ್ರೆ ಅಂಗೈ ಚರ್ಮ ಅಲ್ಲೇ ಅಂಟ್ಕೊಂಡಿರ್ತಿತ್ತು," ಅವನ ದನಿ ಈಗ ಮೆತ್ತಗಾಗಿತ್ತು. "ಅಷ್ಟಕ್ಕೂ ಇಲ್ಲಿಗ್ಯಾಕೆ ಬಂದ್ರಿ?"

"ಕೈ ಬೆಚ್ಚಗೆ ಮಾಡ್ಕೊಳ್ಳೋಕೆ."

ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಆದರೆ ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲ ಹೊರಗೆ ಬಂತು.

ಅವಳ ಕೈ ಹುಟ್ಟಿನಿಂದಲೇ ತಣ್ಣಗೆ. ಸುಡುಬೇಸಿಗೆಯಲ್ಲೂ ತಣ್ಣಗೆ. ಕ್ಲಾಸಿನ ಹುಡುಗಿಯರು ಅವಳನ್ನು ಕರೆಯುವುದೇ ಐಸ್‌ಕ್ಯಾಂಡಿ ಅಂತ. ಥ್ರೆಡ್ಡಿಂಗ್‌ನಲ್ಲಾಗಲಿ ಫೇಷಿಯಲ್‌ನಲ್ಲಾಗಲಿ ಅವಳದು ಎತ್ತಿದ ಕೈ. ಅದೇ ಕೈಯನ್ನು ಯಾರ ಕೆನ್ನೆಯ ಮೇಲಿಟ್ಟರೂ ಅವರು ಹೌಹಾರುತ್ತಾರೆ. ಕಳೆದ ಸಲ ಕೊನೆಯ ಪ್ರಾಕ್ಟಿಕಲ್‌ಗೆ ಮಾಡೆಲ್ ಆಗಿ ಕೂತಿದ್ದವಳು ಅತ್ತಿಗೆ. ಮೊದಲ ಸ್ಪರ್ಶಕ್ಕೇ "ಅಯ್ಯಮ್ಮಾ!" ಅಂತ ಕುರ್ಚಿಯಿಂದ ಎದ್ದಳು. ಫೇಸ್‌ಪ್ಯಾಕ್ ಕಲಸಿಟ್ಟಿದ್ದ ಬಟ್ಟಲು ಹಾರಿ ಪರೀಕ್ಷಕಿಯ ಚಪ್ಪಲಿಯ ಮೇಲೆ ಬಿತ್ತು. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಸ್ಕೂಲಿನಲ್ಲಿ ಎರಡೇ ಅವಕಾಶ. ಇನ್ನು ಉಳಿದಿರುವುದು ಒಂದು. ಪಾಸಾದರೆ ದೊಡ್ಡ ಪಾರ್ಲರ್ ಒಂದರಲ್ಲಿ ಅವಳಿಗಾಗಿ ಒಂದು ಕುರ್ಚಿ ಕಾದಿದೆ. ಫೇಲಾದರೆ ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವ ಕೆಲಸ; ಅಣ್ಣ ಈಗಾಗಲೇ ಸ್ಟೂಲು ತಂದಿಟ್ಟಿದ್ದಾನೆ. ಅತ್ತಿಗೆಯಂತೂ ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ: "ನಿನ್ನ ಮೇಲೆ ಪ್ರೀತಿ ಇದೆ ಕಣೇ. ಆದ್ರೆ ಇನ್ನೊಂದ್ಸಲ ಕೂರು ಅಂದ್ರೆ ಮುಖಕ್ಕೂ ಸ್ವೆಟರ್ ಹಾಕ್ಕೊಂಡು ಬರ್ತೀನಿ."

ಅವನು ಪೂರ್ತಿ ಕೇಳಿಸಿಕೊಂಡ, ನಗಲಿಲ್ಲ. ಅವಳಿಗೆ ಅವನಲ್ಲಿ ಮೊದಲು ಹಿಡಿಸಿದ್ದು ಅದು.

"ಬನ್ನಿ," ಅಂತ ಮೂಲೆಯಲ್ಲಿದ್ದ ಕಬ್ಬಿಣದ ತೊಟ್ಟಿಯ ಹತ್ತಿರ ಕರೆದ. "ಇದು ಫೀಡ್ ಟ್ಯಾಂಕ್. ಲಾಂಡ್ರೀಲಿ ದುಡಿದು ದಣಿದ ಹಬೆ ನೀರಾಗಿ ಇಲ್ಲಿಗೇ ವಾಪಸ್ ಬರುತ್ತೆ. ಇದನ್ನ ಮುಟ್ಬಹುದು. ಆದ್ರೆ ಇಲ್ಲಿ ಯಾವುದನ್ನೇ ಆಗ್ಲಿ, ಮೊದ್ಲು ಅಂಗೈಲಿ ಮುಟ್ಬಾರ್ದು. ಹೀಗೆ."

ಅವನು ಕೈಯ ಹಿಂಬದಿಯನ್ನು ತೊಟ್ಟಿಗೆ ತಾಗಿಸಿ, ಒಂದು ಕ್ಷಣ ತಡೆದು, ಆಮೇಲೆ ಕೈ ತಿರುವಿ ಅಂಗೈ ಇಟ್ಟು ತೋರಿಸಿದ. ಅವಳೂ ಹಾಗೇ ಮಾಡಿದಳು. ಬಿಸುಪು ಮೊಣಕೈವರೆಗೂ ಏರಿತು. ಅವಳು ಕಣ್ಣು ಮುಚ್ಚಿ ನಿಂತುಬಿಟ್ಟಳು.

ಅಂದಿನಿಂದ ಅದೇ ರೂಢಿಯಾಯಿತು. ಆ ಕಟ್ಟಡದ ಕೆಳಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ, ಮೇಲೆ ಬ್ಯೂಟಿ ಸ್ಕೂಲು, ಎರಡಕ್ಕೂ ಬಿಸಿ ಕಳಿಸಲು ಹಿತ್ತಲಲ್ಲಿ ಈ ಒಂದೇ ಬಾಯ್ಲರ್. ಪ್ರಾಕ್ಟಿಕಲ್ ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಅವಳು ಮೆಟ್ಟಿಲಿಳಿದು ಬರುವಳು. ಅವನು ಮೇಲಿನ ದರ್ಜೆಯ ಆಪರೇಟರ್ ಪರೀಕ್ಷೆಗೆ ಓದುತ್ತಿದ್ದ. ಅವಳು ಬೆನ್ನನ್ನು ಟ್ಯಾಂಕಿಗೆ ಕೊಟ್ಟು, ಅವನ ಮಸಿ ಹಿಡಿದ ಪುಸ್ತಕ ತೆರೆದು, ಮೇಷ್ಟ್ರ ಹಾಗೆ ಪ್ರಶ್ನೆ ಕೇಳುವಳು.

"ಫೈರ್ ಟ್ಯೂಬ್‌ಗೂ ವಾಟರ್ ಟ್ಯೂಬ್‌ಗೂ ಏನು ವ್ಯತ್ಯಾಸ?"

"ಫೈರ್ ಟ್ಯೂಬಲ್ಲಿ ಬೆಂಕಿ ಕೊಳವೆ ಒಳಗೆ ಓಡುತ್ತೆ, ನೀರು ಸುತ್ತ ಇರುತ್ತೆ. ನಮ್ದು ಅದೇ. ಬಿಸಿ ಆಗೋಕೆ ಹೊತ್ತು ಬೇಕು. ಆದ್ಮೇಲೆ ಬೇಗ ಆರಲ್ಲ. ವಾಟರ್ ಟ್ಯೂಬಲ್ಲಿ ಉಲ್ಟಾ. ನೀರು ಒಳಗೆ, ಬೆಂಕಿ ಹೊರಗೆ. ನೋಡ್ತಾ ನೋಡ್ತಾ ಹಬೆ."

"ಹಾಗಾದ್ರೆ ನಮ್ಮತ್ತಿಗೆ ವಾಟರ್ ಟ್ಯೂಬ್. ನಾನು?"

ಅವನು ಉತ್ತರ ಹುಡುಕುವವನ ಹಾಗೆ ತಲೆ ಕೆರೆದುಕೊಂಡ. "ಫೈರ್ ಟ್ಯೂಬ್. ಒಳಗೆ ಏನ್ ಉರೀತಿದೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ."

ಅವಳು ಓದದ ಪುಟವನ್ನೂ ತಿರುವಿಹಾಕಿದಳು. "ವರ್ಟಿಕಲ್, ಅಂದ್ರೆ ನೆಟ್ಟಗೆ ನಿಲ್ಲೋ ಬಾಯ್ಲರ್, ಎಲ್ಲಿ ಹಾಕ್ತಾರೆ?"

"ಜಾಗ ಇಕ್ಕಟ್ಟಾಗಿರೋ ಕಡೆ."

"ನಮ್ ಕ್ಲಾಸ್‌ರೂಮ್ ಥರ. ಹದಿನೆಂಟು ಜನಕ್ಕೆ ಹತ್ತು ಕುರ್ಚಿ. ಒಬ್ಬಳ ತಲೆಗೆ ಕಲರ್ ಹಚ್ಚೋಕೆ ಹೋದ್ರೆ ಪಕ್ಕದವಳ ಕಿವಿಗೂ ಸ್ವಲ್ಪ ಹತ್ತುತ್ತೆ. ಎಲೆಕ್ಟ್ರಿಕ್ ಬಾಯ್ಲರ್?"

ಅವನು ಮೂಗು ಮುರಿದ. "ಸ್ವಿಚ್ ಹಾಕಿದ್ರೆ ಆಯ್ತು. ಬೆಂಕಿನೇ ಇಲ್ಲ. ಅದರ ಮುಂದೆ ಕೂತು ಯಾರ ಜೊತೆ ಮಾತಾಡೋದು?"

"ಈಗ ಯಾರ ಜೊತೆ ಮಾತಾಡ್ತಿದ್ದೀರಂತೆ?"

ಅವನ ಕಿವಿ ಕೆಂಪಾಯಿತು. ಕಣ್ಣು ಮಾತ್ರ ಇತ್ತ ತಿರುಗಲಿಲ್ಲ. ಅವಳಿಗೆ ಸಿಟ್ಟು ತರಿಸುತ್ತಿದ್ದದ್ದು ಅದೊಂದೇ. ಎಷ್ಟೇ ನಕ್ಕರೂ ಮಾತಾಡಿದರೂ ಅವನ ದೃಷ್ಟಿ ಬಾಯ್ಲರಿನ ಎದೆಯ ಮೇಲಿದ್ದ ಒಂದು ಗಾಜಿನ ಕೊಳವೆಯ ಮೇಲೆಯೇ. ಒಳಗೆ ನೀರೆಷ್ಟಿದೆ ಅಂತ ತೋರಿಸುವ ಗಾಜು ಅದು. ಅರ್ಧಕ್ಕೆ ನಿಂತಿರಬೇಕು. ತೀರಾ ಇಳಿದರೆ ಕೊಳವೆಗಳು ಸುಟ್ಟು, ಕಟ್ಟಡಕ್ಕೇ ಅಪಾಯ. ಅವನು ಅದನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

"ಆ ಗಾಜಿನ ಮೇಲೆ ನನಗೆ ಹೊಟ್ಟೆಕಿಚ್ಚು," ಅಂತ ಒಂದು ದಿನ ಅಂದೇಬಿಟ್ಟಳು.

"ಆರು ವರ್ಷ ಆಯ್ತು ರೀ. ಶಿಫ್ಟಲ್ಲಿದ್ದಾಗ ಒಂದ್ಸಲಾನೂ ಎರಡು ಕಣ್ಣು ಒಟ್ಟಿಗೆ ಮುಚ್ಚಿ ಕೂತಿಲ್ಲ."

ಕಲಿಸಿದ್ದಕ್ಕೆ ಗುರುದಕ್ಷಿಣೆ ಅಂತ ಅವಳು ಅವನ ಸುಟ್ಟ ಹುಬ್ಬಿಗೆ ದಿನಾ ಹರಳೆಣ್ಣೆ ಹಚ್ಚಲು ಶುರುಮಾಡಿದಳು. ಅವನು ಗಾಜು ನೋಡುತ್ತಾ ಕಲ್ಲಿನಂತೆ ಕೂರುವನು. ಅವಳು ಉಸಿರು ಬಿಗಿಹಿಡಿದು, ಹೊಸದಾಗಿ ಮೂಡುತ್ತಿದ್ದ ಒಂದೊಂದೇ ಕೂದಲನ್ನು ಎಣಿಸುವಳು. ಅಷ್ಟು ಹತ್ತಿರದಿಂದ ನೋಡಿದರೆ ಅವನ ರೆಪ್ಪೆಗಳು ಹುಡುಗಿಯರ ರೆಪ್ಪೆಯ ಹಾಗೆ ಉದ್ದವಾಗಿದ್ದವು. ಇದು ಪಾಠವಾಗಿ ಕಾಣಲಿಲ್ಲ ಅನ್ನುವುದು ಅವಳಿಗೆ ಆಗಲೇ ಗೊತ್ತಾಗಿತ್ತು. ಒಮ್ಮೆ ಟ್ಯಾಂಕಿನ ಹತ್ತಿರ ಹೋಗುವುದನ್ನೇ ಮರೆತು ನೇರವಾಗಿ ಬೆರಳಿಟ್ಟಳು.

"ಅಯ್ಯೋ, ಸಾರಿ! ತಣ್ಣಗಿತ್ತಾ?"

"ಇತ್ತು," ಅಂದ. ತಲೆ ಅಲುಗಿಸದೆ, "ದಿನವಿಡೀ ಬೆಂಕಿ ಮುಂದೆ ಬೇಯೋ ಮುಖ ಇದು. ಇನ್ನೊಂಚೂರು ಹೊತ್ತು ಇರ್ಲಿ," ಅಂದ.

ಅವಳು ಬೆರಳು ತೆಗೆಯಲಿಲ್ಲ.

"ನಿಮ್ ಪರೀಕ್ಷೆಗೆ ನನ್ನ ಮುಖ ಆಗುತ್ತಾ?" ಅವನು ಗಾಜಿಗೇ ಕೇಳಿದ. "ನಾನಂತೂ ಎದ್ದು ಓಡಲ್ಲ."

ಹಾಗೆ ಅವಳಿಗೆ ಮಾಡೆಲ್ ಸಿಕ್ಕಿದ. ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವನ ಬದಲಿಗೆ ಹಿರಿಯ ಆಪರೇಟರ್ ಬರುವುದು ಅಂತ ನಿಶ್ಚಯವಾಯಿತು. ಲಾಂಡ್ರಿಯವರೆಲ್ಲ ಮಾವ ಅಂತ ಕರೆಯುವ ಆ ಮನುಷ್ಯ ಇಪ್ಪತ್ತು ವರ್ಷದಲ್ಲಿ ಒಂದು ದಿನ ರಜಾ ಹಾಕಿದವರಲ್ಲ.

ಪರೀಕ್ಷೆಯ ದಿನವೇ ಹಾಕಿದರು.

ಹತ್ತಕ್ಕೆ ಕಾಲು ಗಂಟೆ ಇರುವಾಗ ಅವಳು ಬಿಳಿ ಕೋಟು ಹಾಕಿಕೊಂಡು ಕೆಳಗೆ ಓಡಿದಳು. ಅವನು ತಲೆ ಬಾಚಿ, ಬಿಳಿ ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿ, ಕೈಯಲ್ಲಿ ಸಲಿಕೆ ಹಿಡಿದು ನಿಂತಿದ್ದ. ಮುಖ ಬಾಡಿತ್ತು.

"ಮಾವ ಫೋನ್ ಮಾಡಿದ್ರು. ಸೊಂಟ ಹಿಡ್ಕೊಂಡಿದೆ, ಏಳೋಕಾಗ್ತಿಲ್ವಂತೆ. ಉರೀತಿರೋ ಬಾಯ್ಲರ್ ಬಿಟ್ಟು ನಾನು ಬರೋ ಹಾಗಿಲ್ಲ."

ಅವಳು ಮೆಟ್ಟಿಲ ಕಡೆ ತಿರುಗಿ ನೋಡಿದಳು.

"ಆರಿಸ್ಬಿಡ್ತೀನಿ," ಅವನು ತಟ್ಟನೆ ಅಂದ. "ಆಸ್ಪತ್ರೆ ಬಟ್ಟೆ ನಿಲ್ಲುತ್ತೆ. ಮೇಲೆ ನಿಮ್ಮ ಕ್ಲಾಸಿನವರ ಬಿಸಿ ಟವೆಲ್ ನಿಲ್ಲುತ್ತೆ. ಮ್ಯಾನೇಜರ್ ನನ್ನ ಸುಮ್ನೆ ಬಿಡಲ್ಲ. ಆದ್ರೂ ನೀವು ಹೂಂ ಅಂದ್ರೆ ಆರಿಸ್ತೀನಿ."

ಹೂಂ ಅನ್ನಬಹುದಿತ್ತು. ಅವನು ಮಾಡಿಯೇಬಿಡುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಅನ್ನಲಾಗಲಿಲ್ಲ. "ಬೇಡ. ಬೆಂಕಿ ನೋಡ್ಕೊಳ್ಳಿ," ಅಂದವಳೇ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋದಳು.

ಹೋದ ಸಲದ ಪರೀಕ್ಷಕಿಯೇ ಈ ಸಲವೂ ಬಂದಿದ್ದರು. ಗಿಡ್ಡಕ್ಕೆ ಕತ್ತರಿಸಿದ ನರೆಗೂದಲು, ಮೂಗಿನ ತುದಿಯಲ್ಲಿ ಕನ್ನಡಕ.

"ನೀನೇ ತಾನೇ ನನ್ನ ಚಪ್ಪಲಿಗೆ ಫೇಷಿಯಲ್ ಮಾಡಿದ್ದು?"

"ಹೌದು ಮೇಡಂ. ನನ್ನ ಮಾಡೆಲ್ ಮೇಲೆ ಬರೋ ಹಾಗಿಲ್ಲ. ಕೆಳಗೆ ಬಾಯ್ಲರ್ ಕಾಯ್ತಿದ್ದಾರೆ. ನಾನೇ ಕೆಳಗೆ ಹೋಗಿ ಮಾಡ್ಬಹುದಾ?"

ಸ್ಕೂಲಿನ ಮೇಡಂ "ಏನಿದು ಹುಡುಗಾಟ!" ಅಂತ ಶುರುಮಾಡಿದರು. ಪರೀಕ್ಷಕಿ ಕೈಯೆತ್ತಿ ತಡೆದು, ನಿಯಮದ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು.

"ಕುರ್ಚಿ, ಬೆಳಕು, ಶುಚಿ. ಮೂರಿರಬೇಕು ಅಂತಿದೆ. ಯಾವ ಮಹಡೀಲಿ ಅಂತ ಬರೆದಿಲ್ಲ. ನಾನು ಬಚ್ಚಲುಮನೇಲಿ ಮದುಮಗಳ ಮೇಕಪ್ ಮಾಡಿದ್ದೀನಮ್ಮ. ನಡಿ."

ಗೆಳತಿಯರು ಟ್ರಾಲಿ ಹೊತ್ತರು. ಲಾಂಡ್ರಿಯ ಹೆಂಗಸರಿಗೆ ಸುದ್ದಿ ಮುಟ್ಟಿದ್ದೇ ತಡ, ಆಗತಾನೇ ಇಸ್ತ್ರಿಯಾದ ಬಿಳಿ ಹಾಸುಗಳನ್ನು ತಂದು ನೆಲಕ್ಕೆ ಹಾಸಿ, ಕಲ್ಲಿದ್ದಲ ರಾಶಿಗೂ ಅಡ್ಡ ಕಟ್ಟಿದರು. ಅವನು ಅರ್ಧ ಗಂಟೆಗಾಗುವಷ್ಟು ಕಲ್ಲಿದ್ದಲು ಹಾಕಿ, ಬಾಗಿಲು ಭದ್ರ ಮಾಡಿ, ಕೈಮುಖ ತೊಳೆದು ಬಂದು ಗಾಜಿಗೆ ಮುಖಮಾಡಿ ಕೂತ.

ಅವಳು ಕ್ಲೆನ್ಸಿಂಗ್ ಮುಗಿಸಿದಳು. ಬಲಹುಬ್ಬನ್ನು ತೆಳ್ಳಗೆ ತಿದ್ದಿ, ಹೊಸದಾಗಿ ಬೆಳೆದ ಎಡಹುಬ್ಬಿಗೆ ಜೋಡಿ ಮಾಡಿದಳು. ಆಮೇಲೆ ತಂಪು ಹತ್ತಿಯನ್ನು ಅವನ ಒಂದು ಕಣ್ಣಿನ ಮೇಲಷ್ಟೇ ಇಟ್ಟಳು.

"ಇನ್ನೊಂದು ಕಣ್ಣು?" ಪರೀಕ್ಷಕಿ ಕೇಳಿದರು.

"ಅದು ಡ್ಯೂಟೀಲಿದೆ ಮೇಡಂ."

ಹಾಸಿನ ಆಚೆಯಿಂದ ಯಾರೋ ಕಿಸಕ್ಕೆಂದರು. ಪರೀಕ್ಷಕಿ ನಗಲಿಲ್ಲ. "ಕಣ್ಣಿನ ಮಸಾಜ್ ಇಲ್ಲದೆ ಪಾಸ್ ಇಲ್ಲ. ಅದಕ್ಕೆ ಎರಡೂ ಮುಚ್ಚಲೇಬೇಕು. ಎರಡು ನಿಮಿಷ."

ಬಾಯ್ಲರ್ ಗುಂಯ್‌ಗುಟ್ಟುತ್ತಿತ್ತು. ಅವಳು ಬಾಗಿ ಅವನ ಕಿವಿಯ ಹತ್ತಿರ ಹೇಳಿದಳು. "ಮುಚ್ಚಿ. ಗಾಜು ನಾನು ನೋಡ್ತೀನಿ."

ಅವನು ಗಾಜಿನಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಬೆಂಕಿ ಉರಿಯುತ್ತಿರುವಾಗ, ಇಷ್ಟು ದಿನದಲ್ಲಿ ಮೊದಲ ಸಲ. ಆಮೇಲೆ ಎರಡೂ ಕಣ್ಣು ಮುಚ್ಚಿದ.

ಅವಳ ಬೆರಳುಗಳು ಅವನ ರೆಪ್ಪೆಗಳ ಸುತ್ತ ತಿರುಗತೊಡಗಿದವು. ಕಣ್ಣು ಗಾಜಿನ ಮೇಲೂ ಅದರ ಪಕ್ಕದ ಪ್ರೆಶರ್ ಮುಳ್ಳಿನ ಮೇಲೂ ಇತ್ತು.

"ಅರ್ಧ ಗ್ಲಾಸ್. ಪ್ರೆಶರ್ ಏಳು," ಮೆಲ್ಲಗೆ ಹೇಳಿದಳು. "ಅರ್ಧ ಗ್ಲಾಸ್. ಏಳು." ಒಂದು ನಿಮಿಷ ಕಳೆಯಿತು. ನೀರು ಇಳಿಯತೊಡಗಿತು. "ಎರಡು ಬೆರಳು ಕೆಳಗೆ ಬಂತು."

"ನೀರಿನ ಪಂಪ್ ತಾನಾಗೇ ಶುರು ಆಗ್ಬೇಕು. ಹತ್ತು ಎಣಿಸಿ," ಅವನ ತುಟಿ ಮಾತ್ರ ಅಲುಗಿತು. "ಆಗ್ಲಿಲ್ಲ ಅಂದ್ರೆ ಹೇಳಿ. ಏಳ್ತೀನಿ."

ಅವನು ಎದ್ದರೆ ಪರೀಕ್ಷೆ ಹೋಯಿತು, ಪಾರ್ಲರಿನ ಕುರ್ಚಿ ಹೋಯಿತು. ಆದರೂ ಅವಳು ಪ್ರಾಮಾಣಿಕವಾಗಿ ಎಣಿಸಿದಳು. ಬೆರಳು ನಿಲ್ಲಿಸಲಿಲ್ಲ. ಒಂದು, ಎರಡು, ಮೂರು. ಆರು. ಏಳು. ಹತ್ತಾದರೆ ಎಬ್ಬಿಸುವುದೇ ಅಂತ ಮನಸ್ಸು ಗಟ್ಟಿಮಾಡಿಕೊಂಡಳು. ಎಂಟಕ್ಕೆ ಮೂಲೆಯಲ್ಲಿ ಪಂಪು ಗುರ್ ಅಂದಿತು. ಗಾಜಿನೊಳಗೆ ನೀರು ನಿಧಾನವಾಗಿ ಮೇಲೇರಿತು.

"ಅರ್ಧ," ಅಂದಳು. ಎರಡು ನಿಮಿಷ ಮುಗಿಯಿತು, ಬೆರಳು ತೆಗೆದಳು.

ಪರೀಕ್ಷಕಿ ಏನೋ ಬರೆದು, ಹೋಗುವ ಮುಂಚೆ ಅವಳ ಅಂಗೈಯನ್ನು ಮುಟ್ಟಿ ನೋಡಿದರು. "ರಿಸಲ್ಟ್ ಈಗ ಹೇಳೋ ಹಾಗಿಲ್ಲ," ಅಂದರು. "ಆದ್ರೆ ಈ ಕೈನ ಮೊಳೆ ತೂಗೋಕೆ ಕಳಿಸ್ಬಾರ್ದು ಅಂತ ನಿಮ್ಮಣ್ಣನಿಗೆ ಹೇಳು. ನಿಮ್ಮತ್ತಿಗೆ ಆವತ್ತೇ ನನ್ನ ಹತ್ರ ಗೋಳಾಡಿಕೊಂಡಿದ್ಲು." ಬಾಗಿಲ ಹತ್ತಿರ ನಿಂತು ತಮ್ಮ ಚಪ್ಪಲಿಯನ್ನೊಮ್ಮೆ ನೋಡಿ ನಕ್ಕು ಹೊರಟರು.

ಎಲ್ಲರೂ ಹೋದ ಮೇಲೆ ಅವಳು ಬಿಳಿ ಕೋಟು ಬಿಚ್ಚಿದಳು. ಅವನ ಪಕ್ಕದ ಸ್ಟೂಲಿನಲ್ಲಿ ಕೂತಳು. ಅವನ ಮುಖ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಹುಬ್ಬು ಎರಡೂ ಸಮ.

"ಇವತ್ತು ಕೈ ಎಷ್ಟು ಬೆಚ್ಚಗಿತ್ತು!" ಅಂದ. "ಟ್ಯಾಂಕ್ ಹತ್ರ ಯಾವಾಗ ಹೋಗಿದ್ರಿ? ನಾನು ನೋಡ್ಲೇ ಇಲ್ಲ."

ಅವಳಿಗೆ ಬೆಳಿಗ್ಗೆಯಿಂದ ಹತ್ತಿದ್ದು, ಇಳಿದದ್ದು, ಓಡಿದ್ದು ಎಲ್ಲ ನೆನಪಾಯಿತು. ಟ್ಯಾಂಕ್ ಇರಲಿ, ಅದರ ದಿಕ್ಕಿಗೂ ಅವಳು ತಿರುಗಿರಲಿಲ್ಲ.

"ಹೋಗ್ಲೇ ಇಲ್ಲ," ಅಂದಳು. ತನ್ನ ಅಂಗೈಗಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡಳು.

"ಹೇಳಿದ್ನಲ್ಲ, ಫೈರ್ ಟ್ಯೂಬ್. ಬಿಸಿ ಆಗೋಕೆ ಹೊತ್ತು ಬೇಕು."

"ಬೇಗ ಆರಲ್ಲ ಅಂತಾನೂ ಹೇಳಿದ್ರಿ."

"ಹೇಳಿದ್ದೆ." ಅವನು ಹೊಸ ಹುಬ್ಬು ಮುಟ್ಟಿ ನೋಡಿಕೊಂಡ. "ನನಗೆ ನೀವು ಇಷ್ಟ. ವಾಲ್ವ್ ಮುಟ್ಟೋಕೆ ಹೋದ ದಿನದಿಂದ. ಗಾಜು ನೋಡ್ಕೊಂಡೇ ಹೇಳ್ತಿದ್ದೀನಿ, ತಪ್ಪು ತಿಳ್ಕೋಬೇಡಿ."

"ನೋಡ್ಕೊಂಡೇ ಹೇಳಿ. ನನಗೂ ಇಷ್ಟ. ಅರ್ಧ ಹುಬ್ಬಿದ್ದಾಗಿನಿಂದ."

ಅವನು ಪಕ್ಕಕ್ಕೆ ಕೈ ಚಾಚಿದ. ಮೊದಲು ಕೈಯ ಹಿಂಬದಿಯನ್ನು ಅವಳ ಕೈಗೆ ತಾಗಿಸಿ, ಒಂದು ಕ್ಷಣ ತಡೆದ. ಆಮೇಲೆ ತಿರುವಿ, ಅಂಗೈಗೆ ಅಂಗೈ ಸೇರಿಸಿ ಹಿಡಿದುಕೊಂಡ. ಅವನ ಕಣ್ಣು ಗಾಜಿನ ಮೇಲೇ ಇತ್ತು. ಈ ಸಲ ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ಅವಳೂ ಅದನ್ನೇ ನೋಡುತ್ತಾ ಕೂತಳು.