ಸೊನ್ನೆಗೆ ನಿಂತ ನಾಬ್

ವೇಫರ್ ಸತ್ತಿತ್ತು.

ತಳೇಗಾಂವದ ಪ್ರಯೋಗಾಲಯದಲ್ಲಿ ಶೈಲಶ್ರೀ ಮತ್ತೊಮ್ಮೆ ಸ್ವಿಚ್ ಒತ್ತಿದಳು. ಉಸಿರಿಲ್ಲ. ಇಂಗಾಲದ ನ್ಯಾನೊ ನಳಿಕೆಗಳ ಟ್ರಾನ್ಸಿಸ್ಟರುಗಳಿಂದ ಆ ತೆಳು ಬಿಲ್ಲೆಯ ಮೇಲೆ ಅವಳೇ ಕಟ್ಟಿದ ಲಾಜಿಕ್ ಸರ್ಕ್ಯೂಟು. ನಿನ್ನೆ ಪೆಟ್ಟಿಗೆಯಲ್ಲಿಟ್ಟದ್ದು ಇಂದು ಯಂತ್ರದ ಸೂಜಿಗಳ ಕೆಳಗಿತ್ತು. ಪಕ್ಕದಲ್ಲಿ, ಕರೆಂಟಿನ ದಾರಿ ತೆರೆದು ಮುಚ್ಚುವ ಗೇಟ್ ನಾಬ್ ಸೊನ್ನೆಗೆ ನಿಂತಿತ್ತು.

"ಇದನ್ನ ನೋಡಾಕ ಹೊರಗಿನ ಪಾವಣ್ಯಾರು ಬರೋದ್ರೊಳಗ ತಪ್ಪು ಒಪ್ಪಿಕೋ. ಇಲ್ಲಾಂದ್ರ ಪೊಲೀಸರು!" ಎಂದರು ಮುಖ್ಯಸ್ಥ ಹಣಮಂತ್ರಾಯ. ಸಿಲಿಕಾನ್ ಚಿಪ್ಪುಗಳಲ್ಲೇ ತಲೆ ಹಣ್ಣಾದವರು.

ಪ್ರಯೋಗಾಲಯದ ಬಾಗಿಲು ತೆರೆಯುವುದು ಮೂವರ ಬೆರಳಚ್ಚಿಗೆ ಮಾತ್ರ— ಶೈಲಶ್ರೀ, ಹಣಮಂತ್ರಾಯ, ಸಹೋದ್ಯೋಗಿ ಸುಖೇಶ್.

ಕಂಪನಿಯ ತನಿಖಾಧಿಕಾರಿ ತ್ರಿವೇಣಿ ಬಂದು ಶೈಲಶ್ರೀಯ ಬಳಿ ನಿಂತಳು.

"ಯಾಕವ್ವಾ ಹಿಂಗ ನಡಗ್ತೀ? ಸತ್ತಿದ್ದು ವೇಫರ್, ನೀ ಅಲ್ಲ."

"ಅದು ಹೋದ್ರ ನಾನೂ ಹೋದಂಗರೀ. ಜೈಲಿಗೆ ಹಾಕಿದ್ರ?"

"ಹೆಂಗ ಸತ್ತಿರಬೇಕು?"

"ನಳಿಕೆಗಳ ನಡುವ ಲೋಹದಂಥವು ಕೆಲವು ಸೇರಿರ್ತಾವ್ರಿ. ಗೇಟ್ ಮುಚ್ಚಿದ್ರೂ ಕರೆಂಟ್ ಹರಿಸ್ತಾವು. ಅದಕ್ಕ ಗೇಟ್ ಮುಚ್ಚಿ ಜೋರು ಕರೆಂಟ್ ಬಿಡ್ತೀವಿ. ಕೆಟ್ಟವು ಸುಡ್ತಾವು, ಒಳ್ಳೇವು ಉಳೀತಾವು."

"ಗೇಟ್ ತೆರೆದಿದ್ರ?"

"ಎಲ್ಲಾ ಬೂದಿ!"

"ಪವರ್ ಜರ್ಕ್ ಹೊಡೆದಿರ್ಬೇಕು ಮೇಡಂ," ಎಂದ ಬೆಂಗಳೂರಿನ ಸುಖೇಶ್.

ತ್ರಿವೇಣಿ ಅವನದೇ ದನಿ ತೆಗೆದಳು: "ಜರ್ಕೇ ಪೆಟ್ಟಿಗೆ ತೆಗೆದು, ಸೂಜಿ ಚುಚ್ಚಿ ಹೋಯ್ತಾ ಮೇಡಂ?"

ಅವಳು ಮೂವರ ಕಡೆಗೂ ತಿರುಗಿದಳು.

"ಕೆಟ್ಟವು ಸುಟ್ಟ ಒಂದು ಹಳೇ ವೇಫರ್ ಇಡ್ರಿ. ಒಬ್ಬೊಬ್ಬರೇ ಗೇಟ್ ಮುಚ್ಚಿ ತೋರಸ್ರಿ."

ಸುಖೇಶ್ ನಾಬನ್ನು ಪ್ಲಸ್ ಕಡೆಗೆ ತಿರುಗಿಸಿದ. ಕರೆಂಟ್ ನಿಂತು ಮೀಟರಿನ ಮುಳ್ಳು ಮಲಗಿತು. ಶೈಲಶ್ರೀಯ ಬೆರಳು ಎರಡು ಸಲ ಜಾರಿತು. ಆದರೂ ಪ್ಲಸ್ಸಿಗೇ ಹೋಯಿತು. ಮುಳ್ಳು ಮಲಗಿತು.

"ನನಗೂ ಪರೀಕ್ಷೆ ಏನು?" ಹಣಮಂತ್ರಾಯ ನಾಬನ್ನು ಸೊನ್ನೆಗೆ ತಂದರು. "ಮುಚ್ಚೇತಿ. ನೋಡ್ಕೋ."

ಮುಳ್ಳು ಮಲಗಲಿಲ್ಲ.

"ನಿಮ್ಮ ಸಿಲಿಕಾನಿನ್ಯಾಗ ಸೊನ್ನಿ ಅಂದ್ರ ಮುಚ್ಚಿದಂಗ," ಎಂದಳು ತ್ರಿವೇಣಿ. "ಈ ನಳಿಕೆ ಸೊನ್ನಿಗೂ ತೆರಕೊಂಡೇ ಇರ್ತಾವು. ಮುಂಜಾನೆ ಎಲ್ಲಾರೂ ವೇಫರ್ ನೋಡಿದ್ರಿ, ಸೊನ್ನಿಗೆ ನಿಂತ ನಾಬ್ ಯಾರೂ ನೋಡಲಿಲ್ಲ. ಬೇಕಂತ ಕೊಂದವರು ಅದನ್ನ ಪ್ಲಸ್ಸಿಗೆ ತಿರುವಿ ಹೋಗ್ತಿದ್ರು. ಮುಚ್ಚೀನಿ ಅಂತ ನಂಬಿದವರು ಹಂಗೇ ಬಿಟ್ಟು ಹೋದ್ರು. ಹೌದಿಲ್ರೀ ಸರ್?"

ಹಣಮಂತ್ರಾಯ ನಾಬನ್ನೇ ನೋಡಿದರು.

"ಪಾವಣ್ಯಾರ ಮುಂದ... ಇನ್ನೊಂಚೂರು ಸ್ವಚ್ಛ ಇರ್ಲಿ ಅಂತ ರಾತ್ರಿ ಕರೆಂಟ್ ಬಿಟ್ಟೆ..."

"ಮತ್ತ ಪೊಲೀಸರು ನನಗ್ಯಾಕ್ರೀ ಸರ್?" ಶೈಲಶ್ರೀ ಮೊದಲ ಸಲ ತಲೆಯೆತ್ತಿದಳು.

ಹಣಮಂತ್ರಾಯರ ಕೈ ಇನ್ನೂ ನಾಬಿನ ಮೇಲಿತ್ತು. ಮೀಟರಿನ ಮುಳ್ಳು ಗಡಗಡ ನಡುಗುತ್ತಿತ್ತು.